ಬೇಡ ಅಂದ ಚಿಕ್ಕಪ್ಪ

ಪಾರ್ಕಿನ ಗೇಟಿನಲ್ಲಿ ಅವನು ನಿಂತಿದ್ದನ್ನು ಕಂಡ ಕೂಡಲೇ, ಅಕ್ಕನ ಮಗಳ ಕೈ ಹಿಡಿದು ಬಂದ ಅವಳ ಪಿತ್ತ ನೆತ್ತಿಗೇರಿತು.

ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟೇ. "ನಮ್ಮಿಬ್ರಿಗೂ ಜ್ವರ ಕಣೇ. ಇವಳು ಬೆಳಿಗ್ಗೆಯಿಂದ ಶೂ ಹಾಕ್ಕೊಂಡು ಬಾಗಿಲಲ್ಲೇ ಕೂತಿದ್ದಾಳೆ. ಥೀಮ್ ಪಾರ್ಕ್ ತೋರಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೀನಿ. ನೀನಾದ್ರೂ ಕರ್ಕೊಂಡು ಹೋಗೇ." ಭಾವ ತನ್ನ ತಮ್ಮನ ಹತ್ತಿರವೂ ಇದೇ ರಾಗ ಹಾಡಿದ್ದಾನೆ ಅನ್ನುವುದನ್ನು ಮಾತ್ರ ಆ ಮಹಾತಾಯಿ ನುಂಗಿಕೊಂಡಿದ್ದಳು.

"ನೀವ್ಯಾಕೆ ಬಂದ್ರಿ?"

"ಅಣ್ಣ ಹೇಳಿದ. ನೀನು ಬರ್ತೀಯ ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ರೆ ಬೇಡ ಅಂತಿದ್ರಿ. ಅಭ್ಯಾಸ ಇದೆಯಲ್ಲ."

ಅಕ್ಕನ ಮದುವೆಯಲ್ಲಿ ಇವರಿಬ್ಬರೂ ಒಂದೇ ತಟ್ಟೆಯಿಂದ ಕಿತ್ತಾಡಿಕೊಂಡು ತಿಂದವರು, 'ನೀನು' ಅಂತಲೇ ಮಾತಾಡಿಕೊಂಡವರು. ಹೋದ ವರ್ಷದಿಂದ ಅವಳು 'ನೀವು' ಶುರು ಮಾಡಿದ್ದಳು. ಆ ಬಹುವಚನದಲ್ಲಿ ಮರ್ಯಾದೆ ಚಿಟಿಕೆಯಷ್ಟೂ ಇರಲಿಲ್ಲ.

ಆಗಿದ್ದು ಇಷ್ಟು. ಅಕ್ಕ ತಂಗಿ ಒಂದೇ ಮನೆ ಸೇರಿದರೆ ಚೆನ್ನ ಅಂತ ಹಿರಿಯರಿಗೆ ಹೊಳೆಯಿತು. ಇವರಿಬ್ಬರ ಮದುವೆಯ ಮಾತಿಗೆ ಎಲ್ಲರೂ ನಡುಮನೆಯಲ್ಲಿ ಕೂತಿದ್ದರು. ಅವಳು ಅಡುಗೆಮನೆಯಲ್ಲಿ ಟೀ ಸೋಸುತ್ತಾ, ಎದೆಯ ಬಡಿತ ಲೋಟಗಳಿಗೆ ಕೇಳಿಸೀತೇ ಅಂತ ಹೆದರುತ್ತಾ ಇದ್ದಳು. ಆಗ ಅವನ ದನಿ ಖಣಿಲ್ಲೆಂದು ಬಂತು: "ಬೇಡ." ಅವತ್ತು ಸೋಸಿದ ಟೀಯನ್ನು ಅವಳು ಸಿಂಕಿಗೆ ಸುರಿದಳು. ಮಾರನೇ ದಿನ ಬೇಕರಿಗೆ ಹೋಗಿ, ಇನ್ಯಾರದೋ ಮದುವೆಯ ಕೇಕಿನ ಮೇಲೆ ಇನ್ಯಾರದೋ ಹೆಸರುಗಳನ್ನು ಕ್ರೀಮಿನಲ್ಲಿ ಬರೆದಳು. ಅದು ಅವಳ ಕೆಲಸ. ಒಂದಕ್ಷರವೂ ಸೊಟ್ಟಗಾಗಲಿಲ್ಲ, ಅಷ್ಟು ಸಿಟ್ಟಿತ್ತು.

ಈಗ ಅವನು ಮಂಡಿಯೂರಿ ಮಗುವಿನ ಶೂ ಲೇಸ್ ಕಟ್ಟುತ್ತಿದ್ದ. ಕಟ್ಟುತ್ತಾ ಒಮ್ಮೆ ಕಣ್ಣೆತ್ತಿ ಅವಳನ್ನು ನೋಡಿದ, ಸಿಕ್ಕಿಬಿದ್ದವನ ಹಾಗೆ ಮತ್ತೆ ಲೇಸಿಗೆ ಇಳಿದ. ಗಲ್ಲದಲ್ಲಿ ಶೇವ್ ಮಾಡುವಾಗ ಕುಯ್ದುಕೊಂಡ ಗಾಯ. ಅದು ತನ್ನ ಕಣ್ಣಿಗೆ ಬಿದ್ದಿದ್ದಕ್ಕೆ ಅವಳಿಗೆ ತನ್ನ ಮೇಲೂ ಕೋಪ ಬಂತು.

ಮಗುವಿಗೆ ಮನೆಯವರು ಇಟ್ಟ ಅಡ್ಡಹೆಸರು ಪಿಟೀಲು. ನಾಲ್ಕು ವರ್ಷದ ಆ ಹುಡುಗಿ ಅತ್ತರೆ ಪಕ್ಕದ ಬೀದಿಗೂ ಕುಯ್ಯುವುದು ಕೇಳುತ್ತಿತ್ತು. ಈಗ ಮಾತ್ರ ಬಾಯಿ ತೆರೆದುಕೊಂಡು ಮೂಕಿಯಾಗಿದ್ದಳು. ಬಣ್ಣದ ಕುದುರೆಗಳು, ಆಕಾಶಕ್ಕೆ ಹೋಗಿ ಕಿರುಚುತ್ತಾ ಇಳಿಯುವ ಜನ, ಮನುಷ್ಯರಷ್ಟೆತ್ತರದ ಗೊಂಬೆಗಳು.

"ಚಿಕ್ಕಮ್ಮ, ಇದೆಲ್ಲಾ ನಂದಾ?"

"ಇವತ್ತೆಲ್ಲಾ ನಿಂದೇ ಕಂದ."

ಆದರೆ ಚಿಕ್ಕಪ್ಪ ಬಿಟ್ಟರೆ ತಾನೆ? ಅವನು ಲಿಫ್ಟ್ ಮೆಕ್ಯಾನಿಕ್. ಮೇಲೆ ಕೆಳಗೆ ಹೋಗುವ ಯಾವುದನ್ನು ಕಂಡರೂ ಮೊದಲು ಬಗ್ಗಿ ಅದರ ಅಡಿ ನೋಡುವ ಜಾತಿ. ಪುಟ್ಟ ರೈಲಿನ ಬಳಿ ಕಿವಿಯಿಟ್ಟು, "ಬೇಡ" ಅಂದ. ಮಕ್ಕಳನ್ನು ಕೂರಿಸಿ ತಿರುಗುವ ದೊಡ್ಡ ಟೀ ಕಪ್‌ಗಳ ಬಳಿ, "ಬೇಡ." ಪುಟ್ಟ ಜೈಂಟ್ ವೀಲಿನ ಬಳಿ ಮಗುವಿನ ಕಾಲಾಗಲೇ ಮೆಟ್ಟಿಲ ಮೇಲಿತ್ತು. "ಬೇಡ, ತಾಳು" ಅಂದ. ಪಿಟೀಲು ತಂತಿ ಬಿಗಿಯತೊಡಗಿತು.

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ನಿಮ್ಮ ಬಾಯಲ್ಲಿ ದೇವರು ಇದೊಂದೇ ಪದ ಇಟ್ಟಿದ್ದಾನಾ?"

"ಸ್ವಲ್ಪ ನೋಡಿ ಆಮೇಲೆ ಹತ್ತಿಸೋಣ ಅಂದೆ ಅಷ್ಟೇ."

"ಏನು ನೋಡ್ತೀರಿ? ಮಗು ಆಸೆಗೆ ತಣ್ಣೀರು ಎರಚೋದೇ ಕೆಲಸ. ಮಗುವಿಗೆ ಹೀಗೆ, ದೊಡ್ಡೋರಿಗೂ ಹೀಗೆ!"

"ದೊಡ್ಡೋರು ಯಾರು ಇಲ್ಲಿ?"

"ಕುರುಡರಿಗೆ ಕಾಣಲ್ಲ ಬಿಡಿ!"

ಕೂಗಾಟ ಏರಿತು. ಮಗುವಿನ ಕೈ ಅವನು ಹಿಡಿದಿದ್ದಾನೆ ಅಂತ ಇವಳು, ಇವಳು ಹಿಡಿದಿದ್ದಾಳೆ ಅಂತ ಅವನು. ಇಬ್ಬರೂ ಬಗ್ಗಿ ನೋಡಿದಾಗ ಮಗು ಇರಲಿಲ್ಲ.

ಅವಳ ಜೀವ ಬಾಯಿಗೆ ಬಂತು. ಅವನು ಒಂದು ಕಡೆ ಓಡಿದ, ಅವಳು ಇನ್ನೊಂದು ಕಡೆ. ಗುಂಪಿನಲ್ಲಿ ಕಾಣುವ ಪುಟ್ಟ ತಲೆಗಳೆಲ್ಲ ಪಿಟೀಲಿನದೇ ಅನ್ನಿಸುತ್ತಿತ್ತು, ತಿರುಗಿದರೆ ಯಾವುದೂ ಅಲ್ಲ. ಅಷ್ಟರಲ್ಲಿ ಮೈಕು ಗೊರಗುಟ್ಟಿತು.

"ಚಿಕ್ಕಪ್ಪ ಚಿಕ್ಕಮ್ಮನ ಜೊತೆ ಬಂದಿರೋ ಮಗು ಆಫೀಸಿನಲ್ಲಿದೆ. ಗಂಡ ಹೆಂಡತಿ ಇಬ್ಬರೂ ಜಗಳ ಮುಗಿಸಿಕೊಂಡು ಬೇಗ ಬರಬೇಕು."

ಪಾರ್ಕೆಲ್ಲ ನಕ್ಕಿತು. ಇಬ್ಬರೂ ಒಟ್ಟಿಗೇ ಬಾಗಿಲಿಗೆ ಬಂದು ಡಿಕ್ಕಿ ಹೊಡೆದರು. ಒಳಗೆ ಪಿಟೀಲು ಬಿಸ್ಕತ್ತು ತಿನ್ನುತ್ತಾ ರಾಣಿಯ ಹಾಗೆ ಕೂತಿತ್ತು. ಅವಳು ಮಗುವನ್ನು ಬಾಚಿ ತಬ್ಬಿಕೊಂಡಳು. ಮೈಕಿನ ಹೆಂಗಸು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಗಂಡ ಹೆಂಡ್ತಿ ಜಗಳ ಮನೇಲಿಟ್ಕೊಳ್ರಪ್ಪಾ."

"ನಾವು ಗಂಡ ಹೆಂಡ್ತಿ ಅಲ್ಲ!" ಇಬ್ಬರೂ ಒಂದೇ ಉಸಿರಿಗೆ ಅಂದರು.

"ಚಿಕ್ಕಪ್ಪ ಅಂದ್ಳು, ಚಿಕ್ಕಮ್ಮ ಅಂದ್ಳು, ಜಗಳ ಆಡ್ತಿದ್ದಾರೆ ಅಂದ್ಳು. ಚಿಕ್ಕಪ್ಪನ ಹೆಂಡ್ತಿ ಚಿಕ್ಕಮ್ಮ ಅಲ್ದೆ ಇನ್ನೇನು?"

ಪಿಟೀಲು ಬಿಸ್ಕತ್ತಿನ ಬಾಯಲ್ಲೇ ಬಿಡಿಸಿ ಹೇಳಿತು. "ಇವ್ನು ನಮ್ಮಪ್ಪನ ತಮ್ಮ. ಇವ್ಳು ನಮ್ಮಮ್ಮನ ತಂಗಿ. ಇಬ್ರೂ ಠೂ ಬಿಟ್ಟಿದ್ದಾರೆ."

ಹೊರಗೆ ಬಂದ ಮೇಲೆ ಅವನು ಈ ಸಲ 'ಬೇಡ' ಅನ್ನದೆ ಮಗುವನ್ನು ಬಣ್ಣದ ಕುದುರೆಯ ಮೇಲೆ ಕೂರಿಸಿ ಬೆಲ್ಟ್ ಬಿಗಿದು ಬಂದ. ಕುದುರೆಗಳು ಸುತ್ತತೊಡಗಿದವು. ಅವಳು ಸುತ್ತಲಿನ ಕಬ್ಬಿಣದ ಕಟಕಟೆಯ ಮೇಲೆ ಕೈಯಿಟ್ಟು ನಿಂತಳು. ಅವನು ತನ್ನ ಕೈಯನ್ನು ಅವಳ ಕೈಯ ಪಕ್ಕ ತಂದಿಟ್ಟ, ಮುಟ್ಟಲಿಲ್ಲ.

"ಯಾಕೆ ಬೇಡ ಅಂದ್ರಿ?" ಅವಳು ಕುದುರೆಗಳನ್ನೇ ನೋಡುತ್ತಾ ಕೇಳಿದಳು. "ಇವತ್ತಲ್ಲ. ಅವತ್ತು."

"ನಿಮ್ಮ ಸೋದರತ್ತೆ, 'ಹುಡುಗೀನ ಏನು ಕೇಳೋದು, ನಾವು ಹೇಳಿದ ಹಾಗೆ ಕೇಳ್ತಾಳೆ' ಅಂದ್ರು. ನಿನ್ನನ್ನ ಯಾರೂ ಕೇಳಿಲ್ಲ ಅಂತ ಆಗ ಗೊತ್ತಾಯ್ತು. ನಮ್ಮ ಕೆಲಸದಲ್ಲಿ ಲಿಫ್ಟ್ ಸದ್ದು ಸರಿ ಇಲ್ಲ ಅಂದ್ರೆ ಮೊದಲು ನಿಲ್ಲಿಸ್ತೀವಿ, ಆಮೇಲೆ ನೋಡ್ತೀವಿ. ಹಾಗೇ ಬಾಯಿಗೆ ಬಂತು."

"ನಿಲ್ಲಿಸಿದ ಮೇಲೆ ನೋಡ್ಬೇಕಲ್ವಾ?" ಅವಳು ಗರ್ರನೆ ತಿರುಗಿದಳು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ಒಂದು ವರ್ಷದಿಂದ ನಡುಮಧ್ಯೆ ಸಿಕ್ಕಿಹಾಕ್ಕೊಂಡಿದ್ದೀನಿ ಕಣೋ ನಾನು! ಒಳಗೆ ಯಾರಾದ್ರೂ ಇದ್ದಾರಾ ಅಂತ ಕೂಗಿ ಕೇಳೋದಿಲ್ವಾ ನೀನು?"

'ನೀನು' ಅಂದಿದ್ದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ನೀನು ಮಾತು ಬಿಟ್ಟೆ. ನಂಗೆ ಹೆದರಿಕೆ ಆಯ್ತು."

"ಮಾತು ಬಿಟ್ಟೋಳ ಮನೆ ಬಾಗಿಲಿಗೆ ಬರೋಕೆ ಕಾಲಿರ್ಲಿಲ್ವಾ? ಯಾರೂ ನನ್ನ ಕೇಳಿಲ್ಲ ಅಂತ ಅಷ್ಟು ಸಂಕಟ ಆಗಿದ್ರೆ ನೀನು ಕೇಳ್ಬೇಕಿತ್ತು. ನೀನೂ ಕೇಳ್ಲಿಲ್ಲ. ಅವರಿಗೂ ನಿಂಗೂ ಏನು ವ್ಯತ್ಯಾಸ?"

ಅವನ ಮುಖ ಸಪ್ಪಗಾಯಿತು. ಮೆಲ್ಲಗೆ, "ನಂಗೆ ನೀನು ಬೇಕು" ಅಂದ. "ನಿಂಗೆ ನಾನು ಬೇಕಾ?"

"ಕೇಳಿಸ್ಲಿಲ್ಲ. ಅವತ್ತು ಬೇಡ ಅಂದಿದ್ದು ಅಡುಗೆಮನೆವರೆಗೂ ಕೇಳಿತ್ತು."

ಅವನು ಸುತ್ತ ನೋಡಿದ. ಟಿಕೆಟ್ ಸಾಲಿನಲ್ಲಿ ಜನ ಕಿಕ್ಕಿರಿದಿದ್ದರು. ಕಿವಿ ಕೆಂಪಾಯಿತು. ಆದರೂ ಕಟಕಟೆಯ ಮೇಲೆ ಕಾಲಿಟ್ಟು ನಿಂತು ಕೂಗಿದ: "ನಂಗೆ ನೀನು ಬೇಕು ಕಣೇ! ನಿಂಗೆ ನಾನು ಬೇಕಾ?"

ಸಾಲಿಗೆ ಸಾಲೇ ಇವರತ್ತ ತಿರುಗಿತು. ಕುದುರೆಯ ಮೇಲಿನಿಂದ ಪಿಟೀಲು, "ಬೇಕೂ!" ಅಂತ ಕಿರುಚಿತು.

"ಅವಳು ಹೇಳಿದ್ದು ಲೆಕ್ಕಕ್ಕಿಲ್ಲ," ಅವನು ಕೆಳಗಿಳಿದು ಅಂದ. "ನೀನು ಹೇಳು."

ಅವಳು ಅವನ ಗಲ್ಲದ ಗಾಯವನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕಟಕಟೆಯ ಮೇಲಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಪ್ರೀತಿಗಿಂತ ಅದರಲ್ಲಿ ಸಿಟ್ಟೇ ಜಾಸ್ತಿ ಇತ್ತು, ಅವನಿಗೆ ನೋವೇ ಆಯಿತು.

"ನಂಗಿನ್ನೂ ಕೋಪ ಹೋಗಿಲ್ಲ."

"ಗೊತ್ತು."

"ಅಷ್ಟು ಬೇಗ ಹೋಗೋದೂ ಇಲ್ಲ."

"ನಿಧಾನಕ್ಕೆ ಹೋಗ್ಲಿ. ನಾನಿರ್ತೀನಿ."

"ಸರಿ. ಮನೇಲಿ ಎಲ್ರಿಗೂ ನಾನೇ ಹೇಳ್ತೀನಿ," ಅಂದಳು ಅವಳು. "ನೀನು ಮಾತ್ರ ಬಾಯಿ ಬಿಡಬೇಡ."