ಸೇವ್ ಬಟನ್‌ಗೆ ಲಂಚ

ಕೀಬೋರ್ಡನ್ನು ಬೋರಲು ಹಾಕಿ ಅವಳು ಮೆಲ್ಲಗೆ ತಟ್ಟುತ್ತಿದ್ದಳು. ಬಿಸ್ಕತ್ತಿನ ಪುಡಿ ಮೇಜಿನ ಮೇಲೆ ಉದುರುತ್ತಿತ್ತು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅವಳ ಬೆಳಗಿನ ಮೊದಲ ಕೆಲಸ ಅದು.

"ದಾಖಲೆ ಮೇಡಂ, ಒಂದು ಅನುಮಾನ," ಎನ್ನುತ್ತ ಎಂಜಿನಿಯರ್ ಪಕ್ಕದ ಕುರ್ಚಿ ಎಳೆದುಕೊಂಡ. ರೋಗಿಗಳ ಮಾಹಿತಿ ಹುಡುಕಲು ಅವಳು ಕ್ವೆರಿ ಬರೆಯುವ ಪರದೆ ಅವನದೇ ಕೈಕೆಲಸ. "ನೀವು ಸೇವ್ ಮಾಡಿರೋ ನಲವತ್ತು ಕ್ವೆರಿ ನೋಡಿದೆ. ಎಲ್ಲದರ ತಲೆ ಮೇಲೂ ಒಂದೇ ಸಾಲು, ಇವತ್ತು ತಾರೀಕು ಎಷ್ಟು ಅಂತ. ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ರೀ!"

"ಅದು ನಿಮ್ಮ ಬಟನ್‌ಗೆ ಲಂಚ."

"ಏನು?"

"ಕ್ವೆರಿ ತಪ್ಪಿಲ್ದೆ ಓಡಿದ ಮೇಲೇ ನಿಮ್ಮ ಸೇವ್ ಬಟನ್ ಕಣ್ಣು ಬಿಡೋದು. ನಾನು ಅರ್ಧ ಬರೆದಿರ್ತೀನಿ, ಡಾಕ್ಟ್ರು ಕರೀತಾರೆ. ಅದಕ್ಕೇ ಮೇಲೊಂದು ಸರಿಯಾದ ಸಾಲು ಹಾಕಿ, ನನ್ನ ಅರೆಬರೆಯನ್ನೆಲ್ಲ ಕಂಪ್ಯೂಟರ್ ಓಡಿಸದ ಟಿಪ್ಪಣಿ ಅಂತ ಕೆಳಗೆ ಅಡಗಿಸ್ತೀನಿ. ಬಟನ್ ಮೋಸ ಹೋಗತ್ತೆ."

ನಗು ತಡೆಯಲು ಅವನು ಕೆಳತುಟಿ ಕಚ್ಚಿದ್ದನ್ನು ಅವಳು ಓರೆಗಣ್ಣಲ್ಲಿ ಕಂಡಳು. ಕಂಡು, ಬೇಡದಿದ್ದರೂ ಕೀಬೋರ್ಡನ್ನು ಇನ್ನೆರಡು ಸಲ ತಟ್ಟಿದಳು.

ಆರು ತಿಂಗಳ ಹಿಂದೆ ಅವನು ಅವಳಿಗೊಂದು ಪತ್ರ ಬರೆದಿದ್ದ. ನಲವತ್ತು ದಾಟಿದ ನಾವಿಬ್ಬರೂ ಮದುವೆಯಾಗಬಹುದೇ ಎಂದು ಕೇಳಿ, ಆಮೇಲೆ ಒಂದು ಸಲವೂ ನೆನಪಿಸಿರಲಿಲ್ಲ. ಅವಳ ಉತ್ತರ ಅಂದಿನಿಂದ ಇಮೇಲಿನ ಡ್ರಾಫ್ಟಿನಲ್ಲೇ ಕೂತಿತ್ತು. "ಅವನೂ ಮನುಷ್ಯ ಕಣೇ, ಎಷ್ಟು ದಿನ ಕಾಯ್ತಾನೆ?" ಎಂದು ಅಕ್ಕ ದಿನಾ ಬಯ್ಯುತ್ತಿದ್ದಳು. ಮನಸ್ಸಿಗೆ ಒಪ್ಪಿಗೆಯಿತ್ತು; ಅದಕ್ಕೆ ತಕ್ಕ ಮಾತು ಸಿಗುತ್ತಿರಲಿಲ್ಲ. ನಾಳೆಗೆ ಅವನ ಇಲ್ಲಿನ ಕೆಲಸ ಮುಗಿಯುತ್ತಿತ್ತು. ಮುಂದಿನದು ಬೇರೆ ಊರಲ್ಲಿ.

"ತಪ್ಪಿರೋದನ್ನ ಉಳಿಸ್ಕೊಂಡು ಏನ್ಮಾಡ್ತೀರಿ?" ಎಂದ ಅವನು.

"ತಿದ್ತೀನಿ! ಅರ್ಧ ಹೆಣೆದ ಸ್ವೆಟರನ್ನ ಯಾರಾದ್ರೂ ಎಸೀತಾರಾ? ಕಡ್ಡಿ ಸಮೇತ ಎತ್ತಿಡ್ತಾರೆ. ಒಂದಕ್ಷರ ಬದಲಾದ್ರೂ ಬಟನ್ ಏಳಬೇಕು. ಏನೂ ಬದಲಾಗದಿದ್ರೆ ಮಲಗಿರಲಿ, ಪಾಪ. ತಪ್ಪಿದ್ರೆ ಪಕ್ಕದಲ್ಲಿ ಕೆಂಪು ಗುರುತು ಹಾಕಿ. ಬಾಗಿಲು ಮಾತ್ರ ಮುಚ್ಚಬೇಡಿ."

ಅವನು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಅರ್ಧ ಗಂಟೆ ತಲೆಯೆತ್ತಲಿಲ್ಲ.

"ಈಗ ಒಂದಕ್ಷರ ಒತ್ತಿ."

ಒತ್ತಿದಳು. ಬೂದು ಬಣ್ಣದ ಬಟನ್ ಥಟ್ಟನೆ ನೀಲಿಯಾಯಿತು.

"ಗೆದ್ದೆ!" ಅವಳು ಚಪ್ಪಾಳೆ ಹೊಡೆದ ಸದ್ದಿಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ನರ್ಸ್ ಇಣುಕಿ ನೋಡಿದಳು.

"ಗೆದ್ರಿ, ಒಪ್ಕೊಂಡೆ." ಅವನ ದನಿ ತಗ್ಗಿತು. "ಆದ್ರೆ ಉಳಿಸೋದು ಬೇರೆ, ಕಳಿಸೋದು ಬೇರೆ ಮೇಡಂ. ನಾನು ನಾಳೆ ಹೊರಡ್ತೀನಿ."

ಅವನ ಕಣ್ಣಿನಲ್ಲಿ ಈಗ ತುಂಟತನವಿರಲಿಲ್ಲ. ಅವಳು ಡ್ರಾಫ್ಟ್ ತೆರೆದು ಪರದೆಯನ್ನು ಅವನತ್ತ ತಿರುಗಿಸಿದಳು. ಆರು ತಿಂಗಳಲ್ಲಿ ಇದ್ದದ್ದು ಇಷ್ಟೇ: ‘ನಿಮ್ಮ ಪತ್ರ ಓದಿದ ದಿನ ನನಗೆ’.

"ಮುಗಿದಿಲ್ಲ," ಎಂದಳು.

"ಹೀಗೇ ಕಳಿಸಿದ್ರೆ ತಪ್ಪಾಗಲ್ವಾ?"

"ಆಗಲಿ. ತಿದ್ದೋಕೆ ನೀವು ಜೊತೆಗಿರ್ತೀರಲ್ಲ."

ಅರ್ಧ ವಾಕ್ಯವನ್ನು ಅರ್ಧಕ್ಕೇ ಬಿಟ್ಟು, ಅದರ ಕೆಳಗೆ ‘ಹೂಂ, ಆಗೋಣ’ ಎಂದು ಬರೆದು, ಹೆಸರನ್ನೂ ಹಾಕದೆ ಅವಳು ಪತ್ರವನ್ನು ಕಳಿಸಿಯೇಬಿಟ್ಟಳು.