ಚಂದ್ರ ಬಿದ್ದಾಗ ನಗಬೇಕು

“ದಯವಿಟ್ಟು ಸ್ವಲ್ಪ ಹೊರಗೆ ಇರ್ತೀರಾ? ಪಾಠ ಶುರು ಮಾಡ್ಬೇಕು.”

ಕೊನೆಯ ಬೆಂಚಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ ಆ ಯುವಕನಿಗೆ ಅವಳು ಆಡಿದ ಮೊದಲ ಮಾತು ಅದು. ಯಾವುದೋ ಮಗುವಿನ ಮಾವನೋ ಚಿಕ್ಕಪ್ಪನೋ ಇರಬೇಕು, ಬಿಟ್ಟುಹೋಗಲು ಬಂದವನು ಫ್ಯಾನಿನ ಗಾಳಿಗೆ ಕೂತುಬಿಟ್ಟಿದ್ದಾನೆ ಅಂದುಕೊಂಡಿದ್ದಳು.

ಅವನು ಎದ್ದು ನಿಂತ. ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿತ್ತು.

“ಹೋಗಬಹುದಿತ್ತು. ಆದ್ರೆ ಈ ಕ್ಲಾಸಿನ ಮೇಷ್ಟ್ರು ನಾನೇ. ಅತಿಥಿಗಳು ಪಾಠ ಮಾಡುವಾಗ ಒಳಗೇ ಇರ್ಬೇಕು ಅಂತ ಇಲ್ಲಿ ನಿಯಮ.”

ಮಕ್ಕಳು ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ‘ಬಂದ ಮೊದಲ ದಿನವೇ... ಎಂಥಾ ಪೆದ್ದಿ ನಾನು.’

ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನು ಮತ್ತೆ ಕೂತಾಗಿತ್ತು. ಅವಳ ಕೈಯಲ್ಲಿದ್ದ ಪೆಟ್ಟಿಗೆಯನ್ನು ನೋಡಿ ಸಣ್ಣಗೆ ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರು ಅವಳಿಗೆ ನಾಟಿತು. ಅವನ ಕಣ್ಣುಗಳು ಮಾತ್ರ ಚೆನ್ನಾಗಿವೆ ಅಂತಲೂ ಅನಿಸಿತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಡಿಗ್ರಿ ಮುಗಿದಿತ್ತು. ಮುಂದಿನ ಓದಿಗೆ ಸೇರುವ ಮೊದಲು ಒಂದು ವರ್ಷ ಬಿಡುವು. ಗೆಳತಿಯರು ಕೆಲಸ ಹುಡುಕಿಕೊಂಡರೆ, ಇವಳು ದೇಶ ಬಿಟ್ಟು ಈ ಊರಿನ ಶಾಲೆಗೆ ಸಂಬಳವಿಲ್ಲದ ಟೀಚರ್ ಆಗಿ ಬಂದಿದ್ದಳು. ಹೊರಡುವ ಮೊದಲೇ ಇಲ್ಲಿನ ಮಾತನ್ನೂ ಕಲಿತಿದ್ದಳು. “ಮನೇಲಿ ಒಂದು ಲೋಟ ತೊಳೆಯದವಳು ಅಲ್ಲಿ ಹೋಗಿ ಮಕ್ಕಳನ್ನ ಉದ್ಧಾರ ಮಾಡ್ತಾಳಂತೆ,” ಎಂದು ಅಮ್ಮ ಗೊಣಗಿದ್ದರು. ಅಮ್ಮಂದಿರ ಬಾಯಲ್ಲಿ ಸತ್ಯ ಯಾವಾಗಲೂ ಗೊಣಗಾಟವಾಗಿಯೇ ಬರುತ್ತದೆ. ಯಾರು ಕೇಳುತ್ತಾರೆ ಹೇಳಿ?

ಪೆಟ್ಟಿಗೆ ಅವಳನ್ನು ಕಳಿಸಿದ ಸಂಸ್ಥೆಯದು. ಅದರಲ್ಲಿ ಒಂದು ದೀಪ, ಅದು ಸೂರ್ಯ. ನೀಲಿ ಚೆಂಡು ಭೂಮಿ, ಬಿಳಿ ಚೆಂಡು ಚಂದ್ರ. ಪಾಠದ ನಡುವೆ ಚಂದ್ರನನ್ನು ಬೇಕೆಂದೇ ಕೈಜಾರಿಸಬೇಕು, ಆಗ ಮಕ್ಕಳು ನಗುತ್ತಾರೆ, ಆಮೇಲೆ ಹೇಳಿದ್ದೆಲ್ಲ ತಲೆಗೆ ಹೋಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು.

“ಹಗಲು ರಾತ್ರಿ ಹೇಗಾಗುತ್ತೆ, ಯಾರಿಗಾದ್ರೂ ಗೊತ್ತಾ?”

“ಗೊತ್ತಿಲ್ಲ ಮಿಸ್...” ಇಡೀ ಕ್ಲಾಸು ಒಂದೇ ರಾಗದಲ್ಲಿ ಅಂದಿತು.

ಅವಳ ಮನಸ್ಸು ಕರಗಿತು. ‘ಪಾಪ, ಇಷ್ಟೂ ಯಾರೂ ಹೇಳಿಕೊಟ್ಟಿಲ್ಲ.’ ದೀಪ ಹಚ್ಚಿದಳು. ಭೂಮಿಯನ್ನು ತಿರುಗಿಸಿದಳು. ಚಂದ್ರ ಕೈಜಾರಿ ಮೇಜಿನ ಕೆಳಗೆ ಉರುಳಿತು, ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾಠ ಮುಗಿದಾಗ ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಬಂತು. ಒಂದೇ ಪಾಠಕ್ಕೆ ಇಷ್ಟು! ಅವಳಿಗೆ ಕಣ್ಣು ತುಂಬಿ ಬಂತು.

ಕೊನೆಯ ಬೆಂಚಿನಲ್ಲಿ ಮೇಷ್ಟ್ರು ಆಕಳಿಸಿದ.

ದಿನವೂ ಅದೇ. ಅವಳು ಮೈ ಕೈ ನೋಯಿಸಿಕೊಂಡು ಪಾಠ ಮಾಡುವುದು, ಅವನು ಹಿಂದೆ ಕೂತು ಆಕಳಿಸುವುದು. ವಾರಕ್ಕೊಮ್ಮೆ ಸಂಸ್ಥೆಯವರು ಫೋನು ಮಾಡಿ ಕ್ಷೇಮ ವಿಚಾರಿಸುತ್ತಿದ್ದರು. ಅಂಥ ಒಂದು ಫೋನಿನಲ್ಲಿ ಅವಳು ತಡೆಯದೆ ಅಂದುಬಿಟ್ಟಳು.

“ಮಕ್ಕಳು ಬಂಗಾರ. ಆದ್ರೆ ಅವರ ಮೇಷ್ಟ್ರಿಗೆ ಪಾಠದ ಮೇಲೆ ಮನಸ್ಸೇ ಇಲ್ಲ. ಮಕ್ಕಳಿಗೆ ಹಗಲು ರಾತ್ರಿ ಹೇಗಾಗುತ್ತೆ ಅಂತಾನೂ ಹೇಳಿಕೊಟ್ಟಿಲ್ಲ. ಹಿಂದೆ ಕೂತು ನಿದ್ದೆ ಹೊಡೀತಾರೆ.”

ಸಂಸ್ಥೆಯವರು ಹೆಡ್ ಮಿಸ್ ಕಿವಿಗೆ ಹಾಕಿದರು. ಮುಂದಿನ ವಾರ ಅವನಿಂದ ಕ್ಲಾಸು ಕಿತ್ತುಕೊಂಡರು. ಮೆಟ್ಟಿಲ ಪಕ್ಕದ ಸ್ಟೋರ್ ರೂಮಿನಲ್ಲಿ ಹಳೆಯ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಕೊಟ್ಟರು. ಯಾರು ದೂರು ಹೇಳಿದರೆಂದು ಹೆಡ್ ಮಿಸ್ ಬಾಯಿಬಿಡಲಿಲ್ಲ.

‘ಒಳ್ಳೇದೇ ಆಯ್ತು,’ ಎಂದುಕೊಂಡಳು. ಆದರೂ ಪಾಠದ ನಡುವೆ ಕಣ್ಣು ಖಾಲಿ ಕೊನೆಯ ಬೆಂಚಿನತ್ತಲೇ ಹೋಗುತ್ತಿತ್ತು.

ಸಂಜೆ ಶಾಲೆಯ ಬಸ್ಸು ಎರಡು ಸಲ ಓಡುತ್ತಿತ್ತು, ಅವಳ ಕ್ಲಾಸಿನ ಮಕ್ಕಳು ಎರಡನೆಯದಕ್ಕೆ ಕಾಯಬೇಕು. ಅವಳು ಯಾವಾಗಲೂ ಮೊದಲನೆಯದರಲ್ಲೇ ಹೋಗುವವಳು. ಆ ದಿನ ಕೊಡೆ ಮರೆತು ವಾಪಸು ಬಂದಳು. ಹಿತ್ತಲ ಗೋಡೆಯ ನೆರಳಲ್ಲಿ ತನ್ನದೇ ಕ್ಲಾಸಿನ ಮಕ್ಕಳು ನೆಲದ ಮೇಲೆ ಕೂತಿದ್ದರು. ನಡುವೆ ಮೇಷ್ಟ್ರು, ಕೈಯಲ್ಲಿ ಸೀಮೆಸುಣ್ಣ.

“ಪ್ರತಿ ಅಮಾವಾಸ್ಯೆಗೂ ಗ್ರಹಣ ಯಾಕಾಗಲ್ಲ? ನನ್ನನ್ನ ಬೈಕೊಂಡಾದ್ರೂ ಸರಿ, ಯೋಚನೆ ಮಾಡಿ.”

“ಚಂದ್ರನ ದಾರಿ ಸ್ವಲ್ಪ ವಾಲಿಕೊಂಡಿದೆ ಮೇಷ್ಟ್ರೇ. ಅದಕ್ಕೆ ನೆರಳು ತಪ್ಪಿಹೋಗುತ್ತೆ,” ಎಂದಿತು ಬಸ್ಸಿನ ಡ್ರೈವರ್ ಮಗಳು. ಕ್ಲಾಸಿಗೆಲ್ಲ ಗಿಡ್ಡ, ಎಲ್ಲರೂ ‘ಗುಂಡುಮಣಿ’ ಎನ್ನುತ್ತಿದ್ದರು.

ಅವಳು ನಿಂತಲ್ಲೇ ನಿಂತಳು. ಗುಂಡುಮಣಿ ತಿರುಗಿ ನೋಡಿ, ಓಡಿಬಂದು ಕೈ ಹಿಡಿದುಕೊಂಡಿತು.

“ಮಿಸ್, ಹೋದ ಸಲದ ಮಿಸ್ಸು ಎರಡು ಸಲ ಚಂದ್ರನ್ನ ಬೀಳಿಸ್ತಿದ್ರು. ನೀವೂ ಇನ್ನೊಂದ್ಸಲ ಬೀಳಿಸ್ತೀರಾ? ಬಿದ್ದಾಗ ನಗಬೇಕು ಅಂತ ನಮಗೆ ಗೊತ್ತು.”

ಮೇಷ್ಟ್ರ ಮುಖದ ಬಣ್ಣ ಹೋಯಿತು. ಮಕ್ಕಳನ್ನು ಕೈಕಾಲು ತೊಳೆಯಲು ಕಳಿಸಿ, ನೆಲ ನೋಡುತ್ತಾ ಹೇಳಿದ.

“ನಿಮ್ಮ ಸಂಸ್ಥೆಯಿಂದ ಬರೋರೆಲ್ಲ ಅದೇ ಪೆಟ್ಟಿಗೆ ತರ್ತಾರೆ. ಅದೇ ದೀಪ, ಅದೇ ಚೆಂಡು. ಒಂದ್ಸಲ ಮಕ್ಕಳು ‘ಗೊತ್ತು ಮಿಸ್’ ಅಂದ್ಬಿಟ್ರು. ಆಗ ಬಂದಿದ್ದ ಟೀಚರ್ ಹುಡುಗಿ ಅತ್ತುಕೊಂಡು ವಾರದೊಳಗೆ ಊರಿಗೆ ಹೋದ್ಲು. ನಾವೇ ಓಡಿಸಿದ್ವಿ ಅಂತ ಮಕ್ಕಳು ಎಷ್ಟು ಕೊರಗಿದ್ರು ಗೊತ್ತಾ? ಆಮೇಲೆ ನಾನೇ ಹೇಳಿದೆ, ಯಾರು ಬಂದು ಏನು ಕೇಳಿದ್ರೂ ಗೊತ್ತಿಲ್ಲ ಅನ್ನಿ ಅಂತ. ನಿಜವಾದ ಪಾಠ ಬಸ್ಸು ಹೋದ ಮೇಲೆ.”

ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗೆ! ಇಷ್ಟು ದಿನ ಅವಳು ಕಲಿಸಿದ್ದಲ್ಲ, ಮಕ್ಕಳು ಅವಳನ್ನು ಸಾಕಿದ್ದು. ಮಗುವಿಗೆ ಬೇಸರವಾಗದಿರಲಿ ಎಂದು ದೊಡ್ಡವರು ಆಟದಲ್ಲಿ ಸೋಲುತ್ತಾರಲ್ಲ, ಹಾಗೆ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

“ನನಗೆ ಪಾಠ ಮಾಡೋದು ಹೇಳಿಕೊಡ್ತೀರಾ?” ತಲೆ ತಗ್ಗಿಸಿಯೇ ಕೇಳಿದಳು.

ಅವನು ತಲೆಯೆತ್ತಿ ನೋಡಿದ. ಮೊದಲ ಸಲ ನಕ್ಕ.

“ನಾಳೆ ಮೊದಲ ಬಸ್ಸು ಬಿಟ್ಟುಕೊಡಿ.”

ಅಂದಿನಿಂದ ಸಂಜೆಯ ಪಾಠಕ್ಕೆ ಅವಳೂ ವಿದ್ಯಾರ್ಥಿನಿ. ‘ಮೊದಲು ಕೇಳಿ, ಆಮೇಲೆ ಹೇಳಿ’ ಎನ್ನುವುದೊಂದೇ ಅವನ ವಿದ್ಯೆ. ಅವಳು ತಪ್ಪಿದರೆ ಮಕ್ಕಳಿಗಿಂತ ಜೋರಾಗಿ ನಗುತ್ತಿದ್ದ, ಸರಿ ಮಾಡಿದರೆ ಸುಮ್ಮನೆ ಅರ್ಧ ಬಾಟಲಿ ನೀರು ಅವಳತ್ತ ತಳ್ಳುತ್ತಿದ್ದ. ಆ ನೀರಿಗಾಗಿ ಇಡೀ ದಿನ ಕಾಯುವುದು ಅವಳಿಗೆ ಅಭ್ಯಾಸವಾಯಿತು. ಪ್ರೀತಿ ಅಂದರೆ ದೊಡ್ಡ ಸಂಗತಿ ಅಂದುಕೊಂಡಿರುತ್ತೇವೆ, ಬರುವಾಗ ಹೀಗೆ ಬಾಯಾರಿಕೆಯ ನೆಪದಲ್ಲಿ ಬಂದುಬಿಡುತ್ತದೆ.

ಆದರೆ ದೂರು ಹೇಳಿದ್ದು ತಾನು ಎಂಬ ಮಾತನ್ನು ಮಾತ್ರ ಇನ್ನೂ ಹೇಳಿರಲಿಲ್ಲ. ಹಗಲು ಅವನ ಕ್ಲಾಸಿನಲ್ಲಿ, ಅವನ ಕುರ್ಚಿಯಲ್ಲಿ ಅವಳು. ಅವನು ಸ್ಟೋರ್ ರೂಮಿನಲ್ಲಿ ಅಂಟು ಮೆತ್ತಿದ ಬೆರಳುಗಳೊಂದಿಗೆ. ‘ಇವತ್ತು ಹೇಳ್ತೀನಿ,’ ಎಂದು ಬರುತ್ತಿದ್ದಳು. ಅವನು ನಕ್ಕರೆ ‘ನಾಳೆ’ ಎನ್ನುತ್ತಿದ್ದಳು.

ಒಂದು ಸಂಜೆ ಅವನೇ ಆ ಮಾತೆತ್ತಿದ.

“ದೂರು ಹೇಳಿದ್ದು ಯಾರು ಅಂತ ಗೊತ್ತಾಯ್ತು. ನಮ್ಮ ಡ್ರೈವರಣ್ಣ. ಮಗಳಿಗೆ ಮಾರ್ಕ್ಸ್ ಕಮ್ಮಿ ಕೊಟ್ಟೆ ಅಂತ ಮುನಿಸಿಕೊಂಡಿದ್ರು. ಮೊನ್ನೆ ಮಾತಾಡ್ಸಿದ್ರೆ ಮುಖ ತಿರುಗಿಸಿದ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗೆ.”

ನಿಜವಾಗಿ ಹೆಗಲು ಮುಟ್ಟಿಕೊಳ್ಳಬೇಕಾದವಳು ಪಕ್ಕದಲ್ಲೇ ಕೂತಿದ್ದಳು.

“ಅವರು... ಆಗಿರಲಿಕ್ಕಿಲ್ಲ,” ಎಂದಳು.

“ನೀವು ತುಂಬಾ ಒಳ್ಳೆಯವರು. ಯಾರ ಬಗ್ಗೆನೂ ಕೆಟ್ಟದ್ದು ಯೋಚನೆ ಮಾಡಲ್ಲ,” ಎಂದು ನೀರಿನ ಬಾಟಲಿ ಕೊಟ್ಟ.

ಅವಳು ಬಾಟಲಿ ತೆರೆಯದೆ ಪಕ್ಕಕ್ಕಿಟ್ಟಳು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವನ ಕಣ್ಣಲ್ಲಿ ತಾನು ‘ಒಳ್ಳೆಯವಳು’ ಆಗಿರುವುದು ಅಷ್ಟು ರುಚಿಯಾಗಿತ್ತು.

ಮರುದಿನ ಎಲ್ಲರ ಮುಂದೆಯೇ ಮೇಷ್ಟ್ರು ಡ್ರೈವರಿಗೆ ಹೇಳಿದ: “ಬೆನ್ನಿಗೆ ಚೂರಿ ಹಾಕೋರ ಬಸ್ಸು ನನಗೆ ಬೇಡ. ನಡ್ಕೊಂಡೇ ಹೋಗ್ತೀನಿ.” ಡ್ರೈವರಿಗೆ ತಲೆಬುಡ ಅರ್ಥವಾಗಲಿಲ್ಲ, ಅವಮಾನ ಮಾತ್ರ ಅರ್ಥವಾಯಿತು. ಅಂದಿನಿಂದ ಮಗಳನ್ನು ಸಂಜೆಯ ಪಾಠಕ್ಕೆ ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಮೊದಲ ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಗುಂಡುಮಣಿ ಹಿತ್ತಲ ಗೋಡೆಯತ್ತಲೇ ನೋಡುತ್ತಿತ್ತು. ಅಳುತ್ತಿರಲಿಲ್ಲ. ಗೊತ್ತಿದ್ದನ್ನು ಬಚ್ಚಿಟ್ಟು ಅಭ್ಯಾಸವಾದ ಹಾಗೆ ತುಟಿಗಳು ಬಿಗಿದಿದ್ದವು.

ಅವಳಿಗೆ ಅದನ್ನು ನೋಡಲಾಗಲಿಲ್ಲ. ಬಸ್ಸು ಹತ್ತಿದಳು.

“ಅಣ್ಣಾ, ಮೇಷ್ಟ್ರ ಮೇಲೆ ದೂರು ಹೇಳಿದ್ದು ನಾನು. ಅವರು ನೀವು ಅಂದ್ಕೊಂಡಿದ್ದಾರೆ. ಗೊತ್ತಿದ್ದೂ ನಾನು ಸುಮ್ನಿದ್ದೆ.”

ಡ್ರೈವರ್ ಸ್ಟೀರಿಂಗ್ ಬಿಟ್ಟು ತಿರುಗಿದ. ಬೈಯಲಿಲ್ಲ. “ನನಗೆ ಹೇಳಿದ್ರಿ, ಸರಿ. ಹೇಳಬೇಕಾದವರು ಅಲ್ಲಿದ್ದಾರಮ್ಮ,” ಎಂದು ಬಾಗಿಲು ತೆರೆದ. “ಪುಟ್ಟಿ, ನೀನೂ ಇಳಿ. ಪಾಠಕ್ಕೆ ಹೋಗು.”

ಮಕ್ಕಳು ಬರೆಯುವುದರಲ್ಲಿ ಮುಳುಗಿದಾಗ ಮೇಷ್ಟ್ರನ್ನು ಕರೆದು ಎಲ್ಲ ಹೇಳಿದಳು. ನೆಪ ಹೇಳಲಿಲ್ಲ. ಅವನು ಅಂಟಿನ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡ.

“ದೂರು ಹೇಳಿದಾಗ ನಿಮಗೆ ನನ್ನ ಪರಿಚಯ ಇರಲಿಲ್ಲ. ಅದನ್ನ ನುಂಗ್ಕೋಬಹುದು,” ಎಂದ. “ಆದ್ರೆ ನಾನು ಆ ಮನುಷ್ಯನ್ನ ಬೈಯ್ತಿದ್ದಾಗ... ಪಕ್ಕದಲ್ಲೇ ಕೂತು ಕೇಳ್ತಿದ್ರಲ್ಲ.”

“ನಿಮ್ಮನ್ನ ಕಳ್ಕೊಳ್ಳೋಕೆ ಭಯ ಆಯ್ತು.”

“ಹೋಗಿ,” ಎಂದ. ಅಷ್ಟೇ.

ಆ ವಾರ ಸಂಸ್ಥೆಯ ಫೋನು ಬಂದಾಗ ಹೆಡ್ ಮಿಸ್ಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದಳು. ಆ ಕ್ಲಾಸು ಅವನದು, ತನ್ನ ಮಾತು ತಪ್ಪು, ತನಗೆ ಪಾಠ ಮಾಡಲು ಬರುವುದಿಲ್ಲ. ನಿನ್ನನ್ನು ಬೇರೆ ಶಾಲೆಗೆ ಕಳಿಸುತ್ತೇವೆ ಎಂದರು ಸಂಸ್ಥೆಯವರು. ಅವಳು ಒಪ್ಪಲಿಲ್ಲ.

“ಮುಖ ತೋರಿಸೋಕೆ ನಾಚಿಕೆ ಆಗಲ್ವೇನಮ್ಮ?” ಹೆಡ್ ಮಿಸ್ ನೇರವಾಗಿ ಕೇಳಿದರು.

“ಆಗುತ್ತೆ ಮೇಡಂ. ಆದ್ರೂ ಇರ್ತೀನಿ. ಸ್ಟೋರ್ ರೂಮಿನ ಕೆಲಸ ನನಗೆ ಕೊಡಿ.”

ಅವನಿಗೆ ಕ್ಲಾಸು ವಾಪಸು ಸಿಕ್ಕಿತು. ಅವಳು ಸ್ಟೋರ್ ರೂಮಿನಲ್ಲಿ ರಟ್ಟು ಕತ್ತರಿಸಿದಳು. ಗೋಡೆಯಾಚೆ ಅವನ ದನಿ ಕೇಳುತ್ತಿತ್ತು. ಕಾರಿಡಾರಿನಲ್ಲಿ ಎದುರಾದರೆ ಅವನು ಪಕ್ಕಕ್ಕೆ ಸರಿಯುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಆದರೆ ರಜೆ ಹಾಕಲಿಲ್ಲ, ಒಂದು ದಿನವೂ.

ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಸ್ಟೋರ್ ರೂಮಿನ ಬಾಗಿಲಲ್ಲಿ ಅವನು ನಿಂತಿದ್ದ.

“ಇವತ್ತು ಮಕ್ಕಳ ಹತ್ರ ಕ್ಷಮೆ ಕೇಳಿದೆ,” ಎಂದ. “ಅವರಿಗೆ ಸುಳ್ಳು ಹೇಳೋದು ಕಲಿಸಿದ ಮೇಷ್ಟ್ರು ನಾನು. ಇನ್ಮೇಲೆ ಯಾರು ಬಂದ್ರೂ ಗೊತ್ತಿದ್ರೆ ಗೊತ್ತು ಅನ್ನಿ ಅಂದೆ. ನೀವು ಬಂದ ದಿನವೇ ನಾನು ನಿಜ ಹೇಳಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ. ಹಿಂದೆ ಕೂತು ಆಕಳಿಸೋದು ಸುಲಭ ಇತ್ತು.”

ಅವಳ ಕೈಯಲ್ಲಿದ್ದ ಕತ್ತರಿ ನಿಂತಿತು.

“ಇನ್ನೊಂದು ಕ್ಷಮೆ ಬಾಕಿ ಇದೆ. ಡ್ರೈವರಣ್ಣಂದು. ಒಬ್ಬನೇ ಹೋಗೋಕೆ ನಾಚಿಕೆ ಆಗ್ತಿದೆ. ಜೊತೆಗೆ ಬರ್ತೀರಾ?”

“ನಾನಾ?” ಕತ್ತರಿ ಕೆಳಗಿಟ್ಟಳು. “ನನ್ನ ಮೇಲೆ ನಿಮಗೆ...”

“ಕೋಪ ಇದೆ. ಜಾಸ್ತಿನೇ ಇದೆ. ಇಷ್ಟೆಲ್ಲ ಗೊತ್ತಾದ ಮೇಲೂ ಮೊದಲ ಬಸ್ಸು ಹೋದ ಕೂಡಲೇ ಕಣ್ಣು ನಿಮ್ಮನ್ನೇ ಹುಡುಕುತ್ತೆ. ಅದಕ್ಕೆ ನನ್ನ ಮೇಲೂ ಕೋಪ.” ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. “ನೀವಿಲ್ಲದೆ ಆಗ್ತಿಲ್ಲ. ಇಷ್ಟೇ ಹೇಳೋಕೆ ಬಂದೆ.”

ಅವಳು ಅತ್ತಳು. ಸೆರಗಿಲ್ಲ, ಕರ್ಚೀಫಿಲ್ಲ, ಕೈಯೆಲ್ಲ ಅಂಟು, ಹಾಗೇ ಮುಖ ಒರೆಸಿಕೊಂಡಳು.

“ವರ್ಷ ಮುಗಿದ್ಮೇಲೆ ನಾನು ಹೋಗ್ಬೇಕು,” ಎಂದಳು. “ಟೀಚರ್ ಓದು ಓದ್ತೀನಿ. ನಿಜವಾಗಿ ಕಲಿತು ಬರ್ತೀನಿ. ಪೆಟ್ಟಿಗೆ ಇಲ್ಲದೆ.”

“ಬನ್ನಿ. ಹಿಂದಿನ ಬೆಂಚಲ್ಲಿ ಕೂರಲ್ಲ ನಾನು. ಪ್ರಾಮಿಸ್.”

ಇಬ್ಬರೂ ಬಸ್ಸಿನ ಬಾಗಿಲಲ್ಲಿ ನಿಂತು ಒಟ್ಟಿಗೇ ಮಾತು ಶುರುಮಾಡಿ, ಒಟ್ಟಿಗೇ ತಡವರಿಸಿದರು. ಡ್ರೈವರ್ ಗಂಟು ಮುಖ ಹಾಕಿಕೊಂಡೇ ಪೂರ್ತಿ ಕೇಳಿದ.

“ಎರಡೂ ಕ್ಷಮೆ ತಗೊಂಡೆ. ಈಗ ಬಾಗಿಲು ಬಿಡ್ತೀರಾ, ಮಕ್ಕಳು ಹತ್ತಬೇಕು. ಮೇಷ್ಟ್ರೇ, ನೀವೂ ಹತ್ತಿ. ನಡೆದು ನಡೆದು ಚಪ್ಪಲಿ ಸವೆದಿದೆ.”

ಒಂದೇ ಸೀಟು ಖಾಲಿಯಿತ್ತು, ಇಬ್ಬರದು. ಗುಂಡುಮಣಿ ಮುಂದಿನ ಸೀಟಿನಿಂದ ತಿರುಗಿ ಇಬ್ಬರನ್ನೂ ನೋಡಿ, ಏನೋ ಅರ್ಥವಾದಂತೆ ಮುಂದಕ್ಕೆ ತಿರುಗಿಕೊಂಡಿತು.

ಬಸ್ಸು ಹೊರಟಿತು. ಅವಳು ಮೆಲ್ಲಗೆ ಕೇಳಿದಳು.

“ನನ್ನ ಮೇಲಿನ ಕೋಪ... ಇನ್ನೂ ಇದೆಯಾ?”

“ಸ್ವಲ್ಪ ಇದೆ.”

“ಅದು ಹೋಗೋ ತನಕ ಪಕ್ಕದಲ್ಲೇ ಕೂತಿರ್ಲಾ?”

ಅವನು ಅವಳ ಅಂಟು ಮೆತ್ತಿದ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

“ಹಾಗಾದ್ರೆ ಅದು ಬೇಗ ಹೋಗೋದು ಬೇಡ,” ಎಂದ.