ಗೋಪಾಳದ ಹೋಂ ಥಿಯೇಟರ್

"ಬಿಡ್ಲಾ?"

ನನ್ನ ಕಾಲರ್ ಹಿಡಿದಿದ್ದ ಪುಟ್ಟಯ್ಯ ಕೇಳಿದ.

ಭದ್ರಾವತಿಯ ಜನ್ನಾಪುರ. ಕಟ್ಟುತ್ತಿದ್ದ ಬಿಲ್ಡಿಂಗಿನ ಮೂರನೇ ಮಹಡಿ. ಗೋಡೆ ಇನ್ನೂ ಎದ್ದಿರಲಿಲ್ಲ. ನನ್ನ ಹಿಮ್ಮಡಿ ಸ್ಲ್ಯಾಬಿನ ಅಂಚಿನಲ್ಲಿ, ಬೆನ್ನು ಗಾಳಿಯಲ್ಲಿ! ಕೆಳಗೆ ಕಬ್ಬಿಣದ ಕಂಬಿಗಳು ಮೊನೆ ಮೇಲೆ ಮಾಡಿ ನಿಂತಿದ್ದವು. ಆಚೆ ರಸ್ತೆಯಲ್ಲಿ ಹೆಂಗಸರು ತರಕಾರಿ ಗಾಡಿಯವನ ಜೊತೆ ಚೌಕಾಸಿಗೆ ಬಿದ್ದಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

"ಕೊನೇ ಸಲ ಕೇಳ್ತೀನಿ ಹೂವಪ್ಪ," ಎಂದ ಬಿಲ್ಡರ್ ಜ್ಞಾನೇಶ್, ಸಿಮೆಂಟ್ ಚೀಲದ ಮೇಲೆ ಕೂತು ಎಳನೀರು ಹೀರುತ್ತ. "ಶಿವಮೊಗ್ಗದ ಗೋಪಾಳದ ಮನೆ ವಿಷ್ಯ ನಿಂಗ್ಯಾಕೆ?"

"ಕೋಟೆ ಹತ್ರ ಪಾತ್ರೆ ಅಂಗಡಿ ಇಟ್ಟಿರೋ ಬಸವರಾಜೇಶ್ವರಿ ಅಮ್ಮ ಅದನ್ನ ತಗೋಬೇಕು ಅಂತಿದಾರೆ. ತಗೋಬಹುದಾ ಬೇಡ್ವಾ ಅಂತ ನೋಡೋದು ನನ್ ಕೆಲಸ."

"ಒಳ್ಳೇ ಮನೆ ಅಂತ ಹೇಳು. ಹೊಸ ಮನೆ. ಇನ್ನೂ ಪೇಂಟ್ ವಾಸನೆ ಹೋಗಿಲ್ಲ."

"ಹಂಗಾದ್ರೆ ಇಬ್ಬರು ಅಡ್ವಾನ್ಸ್ ವಾಪಸ್ ಇಸ್ಕೊಂಡು ಓಡಿದ್ದು ಯಾಕೆ?"

ಜ್ಞಾನೇಶ್ ಸ್ಟ್ರಾ ಬಾಯಿಂದ ತೆಗೆದ. ಪುಟ್ಟಯ್ಯನಿಗೆ ಕಣ್ಣು ಹೊಡೆದ.

ಪುಟ್ಟಯ್ಯ ಬೆರಳು ಸಡಿಲಿಸಿದ...

ಇಂಥ ಹೊತ್ತಿನಲ್ಲಿ ದೇವರು ನೆನಪಾಗುತ್ತಾನಂತೆ. ನನಗೆ ನೆನಪಾದದ್ದು ಪುಟ್ಟಯ್ಯನ ಬೆಲ್ಟು! ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ.

"ಬಾರೋ... ಇಬ್ಬರೂ ಹೋಗೋಣ!"

ಅವನೂ ಕೆಳಗೆ ನೋಡಿದ. ಮುಖ ಬಿಳುಚಿತು. ಅವನೇ ಹಿಂದಕ್ಕೆ ಜಗ್ಗಿ ನನ್ನನ್ನು ಒಳಗೆ ಎಳೆದುಕೊಂಡ. ಬಂದ ರಭಸದಲ್ಲೇ ಹಣೆಯನ್ನು ಅವನ ಮೂಗಿಗೆ ಕೊಟ್ಟೆ.

ಲಟಕ್!

ಪುಟ್ಟಯ್ಯ ಮುಖ ಹಿಡಿದು ಕುಸಿದ. ಎಳನೀರು ಉರುಳಿತು. ಜ್ಞಾನೇಶ್ ಆಗಲೇ ಮೆಟ್ಟಿಲಲ್ಲಿದ್ದ.

ಕಂಬಿ ಇಲ್ಲದ ಮೆಟ್ಟಿಲು. ಅವನು ಮುಂದೆ, ನಾನು ಹಿಂದೆ. ಅವನು ಕಾರು ಹತ್ತಿದ. ನಾನು ಬೈಕ್ ಒದ್ದೆ. ಗಲ್ಲಿ, ಮತ್ತೊಂದು ಗಲ್ಲಿ, ಒಣಗಲು ಹಾಕಿದ್ದ ಹಪ್ಪಳದ ಚಾಪೆ... ಒಬ್ಬಾಕೆ ತಮಿಳಿನಲ್ಲಿ ನನ್ನ ವಂಶವನ್ನೆಲ್ಲ ಬೈದಳು. ಮೇನ್ ರೋಡಿಗೆ ಬರುವಷ್ಟರಲ್ಲಿ ಶಿವಮೊಗ್ಗದ ಬಸ್ಸು ಅಡ್ಡ ನಿಂತಿತ್ತು. ಕಾರು ಕಿರುಚಿ ನಿಂತಿತು.

ಅವನು ಬಾಗಿಲು ತೆಗೆದು ಓಡಲು ನೋಡಿದ. ನಾನು ಬಾಗಿಲನ್ನು ಒದ್ದೆ. ಅವನ ಬೆರಳುಗಳು ಸಂದಿಯಲ್ಲಿ ಸಿಕ್ಕಿಕೊಂಡವು.

"ಅಯ್ಯೋ ಮಾರಾಯ! ಕೈ! ಕೈ!"

ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಮ್ಮದಿಯಾಗಿ ಒರಗಿದೆ. ಜೇಬಿನಿಂದ ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದೆ.

"ಹೇಳು. ಆ ಮನೇಲಿ ಏನಾಯ್ತು?"

"ಒಂದು... ಒಂದು ರೂಮಿದೆ!"

"ಎಲ್ಲಾ ಮನೇಲೂ ಇರುತ್ತೆ."

ಇನ್ನಷ್ಟು ಒರಗಿದೆ. ಅವನು ಅಳುತ್ತಲೇ ಒದರಿದ.

ಆ ಮನೆಯನ್ನು ಒಬ್ಬ ಆರ್ಡರ್ ಕೊಟ್ಟು ಕಟ್ಟಿಸಿದ್ದನಂತೆ. ಒಂದು ರೂಮಿಗೆ ಕಿಟಕಿ ಬೇಡ ಎಂದಿದ್ದ. ಗೋಡೆಗೆಲ್ಲ ಸೌಂಡ್ ಹೊರಗೆ ಹೋಗದ ಹಾಗೆ ಫೋಮ್ ಬೇಕು ಎಂದಿದ್ದ. ಚಿಲಕ ಹೊರಗೆ. ಲೈಟಿನ ಸ್ವಿಚ್ಚೂ ಹೊರಗೆ. ರಿಜಿಸ್ಟ್ರೇಷನ್ನಿಗೆ ಮುಂಚೆಯೇ ಕೀ ಇಸ್ಕೊಂಡ. ಒಳಗೆ ಹೆಂಡತಿಯನ್ನು ಹಾಕಿದ. ಆಕೆಗೆ ಆಸ್ತಮಾ.

"ಎರಡು ದಿನ ಕಿರುಚಿದಾಳೆ ಹೂವಪ್ಪ... ಪಕ್ಕದ ಮನೆಗೂ ಕೇಳಿಲ್ಲ! ನಾನು ಹೋದಾಗ ಆಗ್ಲೇ ಹೋಗ್ಬಿಟ್ಟಿದ್ಲು. ಅವನು ಓಡ್ಹೋದ. ಮೆಟ್ಲಿಂದ ಬಿದ್ಲು ಅಂತ ಎಲ್ಲಾ ಮ್ಯಾನೇಜ್ ಮಾಡ್ದೆ."

"ಆಮೇಲೆ?"

"ಪೇಂಟ್ ಹೊಡೆಸ್ದೆ. ಈಗ ಅದು ಹೋಂ ಥಿಯೇಟರ್ ಅಂತ ತೋರಿಸ್ತೀನಿ."

ಸತ್ಯವಾಗಿ ಹೇಳುತ್ತೇನೆ, ನಾನು ಸಂತನಲ್ಲ. ಬಾಡಿಗೆದಾರರನ್ನು ಬಿಡಿಸಿದ್ದೇನೆ, ಸೈಟುಗಳ ಬೇಲಿ ಕಿತ್ತಿದ್ದೇನೆ, ಕಾಸು ಕೊಟ್ಟವರ ಪರ ಕೈ ಎತ್ತಿದ್ದೇನೆ. ಆದರೂ ಆವತ್ತು ಬೈಕ್ ಹತ್ತುವಾಗ ಬಾಯೆಲ್ಲ ಕಹಿಯಾಗಿತ್ತು.

ಸಂಜೆ ಬಸವರಾಜೇಶ್ವರಿಯ ಅಂಗಡಿಗೆ ಹೋದೆ. ಹಣೆ ತುಂಬ ವಿಭೂತಿ, ಮೆತ್ತನೆ ಮಾತು. ಮಗ ವಿಜಯೇಂದ್ರ ಮತ್ತು ಸೊಸೆ ಸುಮನಾಗೆ ಬೇರೆ ಮನೆ ಮಾಡಿಕೊಡಬೇಕು ಎಂದಿದ್ದರು ಹಿಂದಿನ ದಿನ. ತಾಯಿ ಹೃದಯ ಅಂದುಕೊಂಡಿದ್ದೆ.

ಎಲ್ಲ ಹೇಳಿದೆ.

"ಬೇಡ ಬಿಡಿ ಅಮ್ಮ," ಎಂದೆ. "ಶಿವಮೊಗ್ಗದಲ್ಲಿ ಬೇರೆ ಮನೆ ಸಿಗಲ್ವಾ?"

ಆಕೆ ಒಂದು ಸ್ಟೀಲ್ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದರು.

"ಪಕ್ಕದ ಮನೆಗೂ ಕೇಳಿಸ್ಲಿಲ್ವಾ?"

"ಇಲ್ಲ."

"ಎರಡು ದಿನ ಕಿರುಚಿದ್ರೂ?"

ಹೊರಡಲೆಂದು ತೆಗೆದಿದ್ದ ಬೈಕ್ ಕೀಯನ್ನು ಮತ್ತೆ ಜೇಬಿಗೆ ಹಾಕಿದೆ.

"ನೋಡು ಹೂವಪ್ಪ," ಎಂದರು ಅದೇ ಮೆತ್ತನೆ ದನಿಯಲ್ಲಿ. "ನನ್ನ ಸೊಸೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತ ಕುಣೀತಿದಾಳೆ. ನನ್ನ ಮಗ ಒಂದೇಟು ಹೊಡ್ದ. ಮೂಳೆ ಮುರೀತು. ಯಾವ ಗಂಡ ಹೊಡಿಯಲ್ಲ ಹೇಳು? ನಾಲ್ಕು ದಿನ ಸುಮ್ನೆ ಒಂದ್ಕಡೆ ಇದ್ರೆ ಬುದ್ಧಿ ಬರುತ್ತೆ."

"ಆ ಹೆಂಗಸು ಸತ್ಹೋಗಿದಾಳೆ ಅಮ್ಮ!"

"ಇವಳಿಗೆ ಆಸ್ತಮಾ ಇಲ್ಲ." ಡಬ್ಬಿ ಮುಚ್ಚಿದರು. "ನಾಳೆ ಬೆಳಗ್ಗೆ ಮನೆ ನೋಡೋಣ. ಜ್ಞಾನೇಶನ ಹತ್ರ ಕೀ ಇಸ್ಕೋ. ಕಾರು ನೀನೇ ಓಡ್ಸು."

ಜ್ಞಾನೇಶ್ ಬ್ಯಾಂಡೇಜ್ ಸುತ್ತಿದ ಕೈಯಿಂದ ಕೀ ಕೊಟ್ಟ.

ಬೆಳಗ್ಗೆ ಗೋಪಾಳ. ಹೊಸ ಗೇಟು, ತುಳಸಿಕಟ್ಟೆ, ಮುಂದೆ ಟೈಲ್ಸ್. ಹಿಂದಿನ ಸೀಟಿನಲ್ಲಿ ಸುಮನಾ. ಎಡಗೈಗೆ ಪ್ಲಾಸ್ಟರ್, ತುಟಿಯ ಮೇಲೆ ಹೊಲಿಗೆ.

"ಅವಳು ಕಾರಲ್ಲೇ ಇರ್ಲಿ. ಲಾಕ್ ಮಾಡು," ಎಂದರು ಅತ್ತೆ.

ಅಡುಗೆಮನೆ ನೋಡಿದರು. ನಲ್ಲಿ ತಿರುಗಿಸಿದರು. ದೇವರ ಮನೆಯ ದಿಕ್ಕು ಸರಿಯಿಲ್ಲ ಎಂದರು. ಕೊನೆಗೆ ಆ ರೂಮು. ಹೊರಗಿನ ಸ್ವಿಚ್ ಒತ್ತಿದರು. ಕಪ್ಪು ಫೋಮಿನ ಗೋಡೆ, ಒಂದೇ ಒಂದು ಬಲ್ಬು.

"ಜ್ಞಾನೇಶನ ಮಾತು ನಂಬೋಕಾಗುತ್ತಾ? ನಾನೇ ನೋಡ್ಬೇಕು. ನಾನು ಒಳಗೆ ನಿಂತು ಕೂಗ್ತೀನಿ. ನೀನು ಚಿಲಕ ಹಾಕಿ ಗೇಟ್ ಹತ್ರ ನಿಂತು ಕೇಳು. ಇದನ್ನ ಹಿಡ್ಕೋ."

ಬ್ಯಾಗನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.

ಅವರೇ ಹೋದದ್ದು. ನಾನು ತಳ್ಳಲಿಲ್ಲ.

ಚಿಲಕ ಹಾಕಿದೆ.

ಗೇಟಿಗೆ ಬಂದೆ. ಕಿವಿ ಕೊಟ್ಟೆ. ಎಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಸೊಪ್ಪಿನವನು ಕೂಗಿದ. ಮನೆಯಿಂದ ಒಂದು ಪಿಸುಮಾತೂ ಇಲ್ಲ!

ಕಾರಿನ ಬಾಗಿಲು ತೆಗೆದೆ.

"ಅತ್ತೆ ಎಲ್ಲಿ?" ಸುಮನಾ ಕೇಳಿದಳು.

"ಮನೆ ನೋಡ್ತಿದಾರೆ. ಒಳಗೊಂದು ರೂಮಲ್ಲಿದಾರೆ, ನಿಮಗೇಂತ ಇದ್ದ ರೂಮು."

ಅವಳು ನನ್ನ ಮುಖ ನೋಡಿದಳು. ಇಳಿದು ಒಳಗೆ ನಡೆದಳು. ನಾನು ಹಿಂದೆ ಹೋದೆ. ಚಿಲಕ ನೋಡಿದಳು. ಬಾಗಿಲಿಗೆ ಅಂಗೈ ಒತ್ತಿದಳು. ಆ ಕಡೆಯ ಗುದ್ದು ಮರದಲ್ಲಿ ಸಣ್ಣಗೆ ನಡುಗುತ್ತಿತ್ತು.

"ಉಸಿರಾಡೋಕೆ ಆಗುತ್ತಾ?"

"ಎಸಿ ಪೈಪಿಗೆ ಬಿಟ್ಟ ತೂತಿದೆ. ಸಾಯಲ್ಲ."

"ಕೈ ಮುರಿದ ದಿನ ನನ್ನ ಬಚ್ಚಲಲ್ಲಿ ಕೂಡಿ ಹಾಕಿದ್ರು," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಬಾಗಿಲು ಹಾಕಿದ್ದು ಅವರ ಮಗ. ಲೈಟ್ ಆರಿಸಿದ್ದು ಇವರು."

ಟಕ್!

ಸ್ವಿಚ್ ಆರಿಸಿದಳು.

ಬಾಗಿಲ ನಡುಕ ಜೋರಾಯಿತು. ಅವಳು ಅಂಗೈ ತೆಗೆಯದೆ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಅತ್ತೆ ಕಿತ್ತಿಟ್ಟುಕೊಂಡಿದ್ದ ತನ್ನ ಫೋನನ್ನು ನನ್ನ ಕೈಲಿದ್ದ ಅವರ ಬ್ಯಾಗಿನಿಂದ ತೆಗೆದುಕೊಂಡು ನನ್ನ ಕಡೆ ತಿರುಗಿದಳು.

"ಪೊಲೀಸ್ ಸ್ಟೇಷನ್ನಿಗೆ ಬಿಡ್ತೀರಾ?"

ಬಿಟ್ಟೆ. ಜ್ಞಾನೇಶ್ ಒದರಿದ್ದ ರೆಕಾರ್ಡಿಂಗನ್ನು ಅವಳ ಫೋನಿಗೆ ಕಳಿಸಿದೆ. "ಇದನ್ನೂ ಕೇಳಿಸಿ. ಆ ರೂಮಲ್ಲಿ ಸತ್ತವಳ ಪರ ಹೇಳೋಕೆ ಬೇರೆ ಯಾರೂ ಇಲ್ಲ."

ಅವಳು ಮೆಟ್ಟಿಲು ಹತ್ತಿದಳು. ನಾನು ಎದುರಿನ ಕ್ಯಾಂಟೀನಿನಲ್ಲಿ ಇಡ್ಲಿ ತಿಂದೆ. ಮೇಲೊಂದು ಟೀ. ಮತ್ತೊಂದು. ಸ್ಟೇಷನ್ನಿನಿಂದ ಜೀಪು ಗೋಪಾಳದ ಕಡೆ ಹೊರಟ ಮೇಲೆ ಜ್ಞಾನೇಶನಿಗೆ ಫೋನ್ ಹಚ್ಚಿದೆ.

"ಗೋಪಾಳದ ಮನೆ ಹತ್ರ ಬಾರಯ್ಯ. ಬೇಗ."

"ಏನಂದ್ರು ಅಮ್ಮ?" ಅವನ ದನಿಗೆ ಜೀವ ಬಂತು. "ಮನೆ ತಗೊಳ್ತಾರಂತಾ?"

"ತಗೊಳ್ಳೋದೇನು ಮಾರಾಯ... ಆಗ್ಲೇ ವಾಸಕ್ಕೆ ಬಂದಿದಾರೆ!"